ಅನ್ಯರ ತಪ್ಪಿನಿಂದ ಕಾರು ಜಖಂಗೊಂಡಾಗ ದುರಸ್ತಿ ಹಾಗೂ ವಿಮಾ ಪರಿಹಾರ: ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ಸಿಗ್ನಲ್‌ನಲ್ಲಿ ನಿಂತಿರುವ ಅಥವಾ ನಿಯಮಾನುಸಾರ ತನ್ನ ಪಥದಲ್ಲಿ ಚಲಿಸುತ್ತಿರುವ ಕಾರಿಗೆ ಮತ್ತೊಂದು ವಾಹನವು ಡಿಕ್ಕಿ ಹೊಡೆದಾಗ, ‘ತಪ್ಪು ಅವರದು, ಆದ್ದರಿಂದ ಅವರ ವಿಮಾ ಕಂಪನಿಯೇ ಗ್ಯಾರೇಜಿನ ಬಿಲ್ಲನ್ನು ಭರಿಸುತ್ತದೆ’ ಎಂಬ ಭಾವನೆಯು ಸಾರ್ವಜನಿಕರಲ್ಲಿ ಸಾಮಾನ್ಯವಾಗಿದೆ. ಹೊಣೆಯು ತಪ್ಪಿತಸ್ಥರದು ಎಂಬುದು ನಿಜವಾದರೂ ಆ ಹಣವು ತಾನಾಗಿ ಬರುವುದಿಲ್ಲ. ಎದುರು ಪಕ್ಷದ ವಿಮಾ ಕಂಪನಿಯಿಂದ ಪರಿಹಾರ ಪಡೆಯಲು ಸಾಮಾನ್ಯವಾಗಿ ಮೋಟಾರು ಅಪಘಾತ ಪರಿಹಾರ ನ್ಯಾಯಾಧಿಕರಣಕ್ಕೆ ಅರ್ಜಿ ಸಲ್ಲಿಸಿ, ತಪ್ಪು ಯಾರದೆಂಬುದನ್ನೂ ನಷ್ಟ ಎಷ್ಟೆಂಬುದನ್ನೂ ದಾಖಲೆಗಳ ಮೂಲಕ ರುಜುವಾತುಪಡಿಸಬೇಕಾಗುತ್ತದೆ. ಆ ದಾಖಲೆಗಳಲ್ಲಿ ಬಹುಪಾಲು ಸಿದ್ಧವಾಗುವುದು ಅಪಘಾತ ನಡೆದ ಮೊದಲ ಒಂದೆರಡು ದಿನಗಳಲ್ಲಿ. ಆ ಅವಧಿಯಲ್ಲಿ ಕೈತಪ್ಪಿದ ಪುರಾವೆಯನ್ನು ಮುಂದೆ ಒದಗಿಸುವುದು ಕಷ್ಟಸಾಧ್ಯ.

ಈ ಹಿನ್ನೆಲೆಯಲ್ಲಿ, ಕರ್ನಾಟಕದ ವಾಹನ ಮಾಲೀಕರು ಅನುಸರಿಸಬೇಕಾದ ಕ್ರಮಗಳನ್ನು ಹಾಗೂ ಅವರಿಗೆ ಲಭ್ಯವಿರುವ ಮಾರ್ಗಗಳನ್ನು ಈ ಕೆಳಗೆ ವಿವರಿಸಲಾಗಿದೆ.

2. ಅಪಘಾತ ನಡೆದ ಸ್ಥಳದಲ್ಲಿ ಕೈಗೊಳ್ಳಬೇಕಾದ ಕ್ರಮಗಳು

(ಅ) ಯಾರಿಗಾದರೂ ಗಾಯವಾಗಿದ್ದಲ್ಲಿ ಮೊದಲು ವೈದ್ಯಕೀಯ ನೆರವು ಒದಗಿಸತಕ್ಕದ್ದು ಹಾಗೂ 112 ಸಂಖ್ಯೆಗೆ ಕರೆ ಮಾಡತಕ್ಕದ್ದು. ಮೋಟಾರು ವಾಹನ ಅಧಿನಿಯಮ, 1988ರ ಕಲಂ 134ರ ಪ್ರಕಾರ ಗಾಯಾಳುವಿಗೆ ಚಿಕಿತ್ಸೆ ದೊರಕಿಸುವುದು, ಪೊಲೀಸರಿಗೆ ಮಾಹಿತಿ ನೀಡುವುದು ಮತ್ತು ವಿಮಾ ಕಂಪನಿಗೆ ಲಿಖಿತವಾಗಿ ತಿಳಿಸುವುದು ಚಾಲಕರ ಕರ್ತವ್ಯವಾಗಿರುತ್ತದೆ.

(ಆ) ವಾಹನಗಳನ್ನು ಬದಿಗೆ ಸರಿಸುವ ಮೊದಲು, ಸಂಚಾರಕ್ಕೆ ಅಪಾಯವಿಲ್ಲದಿದ್ದಲ್ಲಿ, ಅವು ನಿಂತಿರುವ ಸ್ಥಿತಿಯಲ್ಲಿಯೇ ಛಾಯಾಚಿತ್ರಗಳನ್ನು ತೆಗೆದುಕೊಳ್ಳಬೇಕು. ಎರಡೂ ವಾಹನಗಳ ನೋಂದಣಿ ಸಂಖ್ಯೆ, ಜಖಂಗೊಂಡ ಭಾಗಗಳು, ರಸ್ತೆಯ ಮೇಲಿನ ಬ್ರೇಕ್ ಗುರುತು, ಚೂರಾದ ಗಾಜು, ಸಿಗ್ನಲ್ ಅಥವಾ ಸೂಚನಾ ಫಲಕ ಇವು ಚಿತ್ರದಲ್ಲಿ ಕಾಣುವಂತಿರಬೇಕು. ಬರೀ ಬಂಪರಿನ ಸಮೀಪದ ಚಿತ್ರವು ಜಖಂ ಎಷ್ಟೆಂಬುದನ್ನು ತೋರಿಸುತ್ತದೆಯೇ ಹೊರತು ತಪ್ಪು ಯಾರದೆಂಬುದನ್ನು ತೋರಿಸುವುದಿಲ್ಲ.

(ಇ) ಎದುರು ವಾಹನದ ಚಾಲಕರ ಹೆಸರು, ಚಾಲನಾ ಪರವಾನಗಿ, ನೋಂದಣಿ ಪ್ರಮಾಣಪತ್ರ ಹಾಗೂ ವಿಮಾ ಪಾಲಿಸಿಯ ವಿವರಗಳನ್ನು ಬರೆದುಕೊಳ್ಳಬೇಕು. ಚಾಲಕರು ನೀಡಲು ನಿರಾಕರಿಸಿದಲ್ಲಿ ವಾಗ್ವಾದಕ್ಕೆ ಇಳಿಯುವ ಅಗತ್ಯವಿಲ್ಲ. ನೋಂದಣಿ ಸಂಖ್ಯೆಯೊಂದಿದ್ದರೆ ಉಳಿದ ವಿವರಗಳನ್ನು ನಂತರ ಪಡೆಯಬಹುದು.

(ಈ) ಘಟನೆಯನ್ನು ಕಣ್ಣಾರೆ ಕಂಡ ಒಬ್ಬಿಬ್ಬರ ಹೆಸರು ಮತ್ತು ದೂರವಾಣಿ ಸಂಖ್ಯೆಯನ್ನು ಅವರ ಒಪ್ಪಿಗೆಯಿಂದ ಪಡೆಯಬೇಕು. ಸಮೀಪದ ಅಂಗಡಿ, ಬ್ಯಾಂಕ್ ಅಥವಾ ಪೆಟ್ರೋಲ್ ಬಂಕಿನಲ್ಲಿ ಸಿ.ಸಿ. ಕ್ಯಾಮೆರಾ ಇದ್ದಲ್ಲಿ ಆ ವಿಷಯವನ್ನು ಪೊಲೀಸ್ ದೂರಿನಲ್ಲಿಯೇ ನಮೂದಿಸಬೇಕು. ಇಂತಹ ದೃಶ್ಯಾವಳಿಗಳು ಕೆಲವೇ ದಿನಗಳಲ್ಲಿ ಅಳಿಸಿಹೋಗುವ ಸಾಧ್ಯತೆ ಇರುತ್ತದೆ.

3. ರಸ್ತೆಬದಿಯ ರಾಜಿ ಕುರಿತು ಎಚ್ಚರಿಕೆ

ಸ್ಥಳದಲ್ಲಿಯೇ ಅಲ್ಪ ಮೊತ್ತ ಪಡೆದು ಪ್ರಕರಣ ಮುಗಿಸುವ ಪರಿಪಾಠವಿದೆ. ಹೊರನೋಟಕ್ಕೆ ಬಂಪರ್ ಬಿರುಕು ಮಾತ್ರ ಕಂಡರೂ, ಬಿಚ್ಚಿ ನೋಡಿದಾಗ ಒಳಗಿನ ಚೌಕಟ್ಟು ಬಾಗಿರುವುದು ಅಥವಾ ಸಸ್ಪೆನ್ಷನ್ ಭಾಗಗಳಿಗೆ ಪೆಟ್ಟಾಗಿರುವುದು ತಿಳಿದುಬರುವ ಸಂದರ್ಭಗಳುಂಟು. ಆ ವೇಳೆಗೆ ಎದುರು ಪಕ್ಷದವರು ಹೊರಟುಹೋಗಿರುತ್ತಾರೆ. ಇದಲ್ಲದೆ, ‘ಮುಂದೆ ಯಾವುದೇ ಹಕ್ಕು ಸಾಧಿಸುವುದಿಲ್ಲ’ ಎಂದು ಬರೆದುಕೊಟ್ಟಲ್ಲಿ ವಾಹನ ಮಾಲೀಕರ ಸ್ವಂತ ವಿಮಾ ಕಂಪನಿಯೂ ಆಕ್ಷೇಪಣೆ ಎತ್ತಬಹುದು. ಪರಿಹಾರ ನೀಡಿದ ನಂತರ ಆ ಮೊತ್ತವನ್ನು ತಪ್ಪಿತಸ್ಥರಿಂದ ವಸೂಲು ಮಾಡುವ ಹಕ್ಕು ವಿಮಾ ಕಂಪನಿಗೆ ಇರುತ್ತದೆ. ಮಾಲೀಕರು ಬರೆದುಕೊಟ್ಟ ರಾಜಿ ಪತ್ರದಿಂದ ಆ ಹಕ್ಕಿಗೆ ಬಾಧೆಯುಂಟಾಗುತ್ತದೆ. ಆದ್ದರಿಂದ ನಷ್ಟದ ಪೂರ್ಣ ಅಂದಾಜು ದೊರೆಯುವವರೆಗೆ ಯಾವುದೇ ಪತ್ರಕ್ಕೆ ಸಹಿ ಮಾಡದಿರುವುದು ಕ್ಷೇಮ.

4. ಪೊಲೀಸ್ ದೂರು ಮತ್ತು ದಾಖಲೆಗಳು

ಅಪಘಾತ ನಡೆದ ಸ್ಥಳದ ಮೇಲೆ ವ್ಯಾಪ್ತಿ ಹೊಂದಿರುವ ಠಾಣೆಯಲ್ಲಿ ವಿಳಂಬವಿಲ್ಲದೆ ಲಿಖಿತ ದೂರು ಸಲ್ಲಿಸಬೇಕು. ಬೆಂಗಳೂರು ನಗರದಲ್ಲಿ ಸಂಚಾರ ಪೊಲೀಸ್ ಠಾಣೆಯನ್ನು ಸಂಪರ್ಕಿಸಬೇಕು. ದೂರಿನಲ್ಲಿ ದಿನಾಂಕ, ವೇಳೆ, ಸ್ಥಳ, ಎರಡೂ ವಾಹನಗಳ ಚಲನೆಯ ದಿಕ್ಕು ಮತ್ತು ಡಿಕ್ಕಿ ಸಂಭವಿಸಿದ ಬಗೆಯನ್ನು ಸ್ಪಷ್ಟವಾಗಿ ಬರೆಯಬೇಕು. ಯಾರಿಗೂ ಗಾಯವಾಗದೆ ವಾಹನ ಮಾತ್ರ ಜಖಂಗೊಂಡಿದ್ದರೂ ದೂರು ನೀಡಿ ಸ್ವೀಕೃತಿ ಪಡೆಯುವುದನ್ನು ಬಿಡಬಾರದು. ದಿನಾಂಕ 1-7-2024ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ ಕಲಂ 281ರಡಿ, ಮಾನವ ಜೀವಕ್ಕೆ ಅಪಾಯವಾಗುವಂತೆ ದುಡುಕಿನಿಂದ ಅಥವಾ ನಿರ್ಲಕ್ಷ್ಯದಿಂದ ಸಾರ್ವಜನಿಕ ರಸ್ತೆಯಲ್ಲಿ ವಾಹನ ಚಲಾಯಿಸುವುದು ಶಿಕ್ಷಾರ್ಹ ಅಪರಾಧವಾಗಿದೆ.

ಪ್ರಕರಣ ದಾಖಲಾದಲ್ಲಿ ಈ ಕೆಳಗಿನ ದಾಖಲೆಗಳ ನಕಲುಗಳನ್ನು ಪಡೆದಿಟ್ಟುಕೊಳ್ಳಬೇಕು:

• ಪ್ರಥಮ ವರ್ತಮಾನ ವರದಿ ಮತ್ತು ದೂರಿನ ಪ್ರತಿ
• ಸ್ಥಳ ಮಹಜರು ಹಾಗೂ ಸ್ಥಳದ ನಕ್ಷೆ
• ಮೋಟಾರು ವಾಹನ ನಿರೀಕ್ಷಕರ ತಪಾಸಣಾ ವರದಿ
• ತನಿಖೆ ಮುಗಿದ ನಂತರ ದೋಷಾರೋಪಣಾ ಪಟ್ಟಿ

ಎದುರು ವಾಹನದ ಮಾಲೀಕರ ಹಾಗೂ ವಿಮೆಯ ವಿವರಗಳು ತಿಳಿಯದಿದ್ದಲ್ಲಿ, ಅಧಿನಿಯಮದ ಕಲಂ 160ರ ಮೇರೆಗೆ ಪರಿಹಾರ ಕೋರುವ ವ್ಯಕ್ತಿಯು ನಿಗದಿತ ಶುಲ್ಕ ಪಾವತಿಸಿ ನೋಂದಣಿ ಪ್ರಾಧಿಕಾರದಿಂದ, ಅಂದರೆ ಪ್ರಾದೇಶಿಕ ಸಾರಿಗೆ ಕಚೇರಿಯಿಂದ, ಅಥವಾ ಠಾಣಾಧಿಕಾರಿಯಿಂದ ಸದರಿ ವಿವರಗಳನ್ನು ಪಡೆಯಲು ಹಕ್ಕುಳ್ಳವರಾಗಿರುತ್ತಾರೆ. ಅರ್ಜಿಯಲ್ಲಿ ವಾಹನದ ನೋಂದಣಿ ಸಂಖ್ಯೆ, ಅಪಘಾತದ ದಿನಾಂಕ ಮತ್ತು ಸ್ಥಳವನ್ನು ತಪ್ಪಿಲ್ಲದೆ ನಮೂದಿಸತಕ್ಕದ್ದು.

5. ಪರಿಹಾರ ಪಡೆಯಲು ಇರುವ ಎರಡು ಮಾರ್ಗಗಳು

ಮೊದಲನೆಯ ಮಾರ್ಗ: ಸ್ವಂತ ಪಾಲಿಸಿಯ ಮೂಲಕ. ವಾಹನ ಮಾಲೀಕರು ಸಮಗ್ರ ಪಾಲಿಸಿ ಅಥವಾ ಸ್ವಂತ ಹಾನಿಯ ಪಾಲಿಸಿ ಹೊಂದಿದ್ದಲ್ಲಿ, ತಪ್ಪು ಯಾರದೇ ಆಗಿರಲಿ, ತಮ್ಮ ವಿಮಾ ಕಂಪನಿಯಿಂದಲೇ ದುರಸ್ತಿ ವೆಚ್ಚ ಪಡೆಯಬಹುದು. ಇದು ಬೇಗ ಇತ್ಯರ್ಥವಾಗುವ ಮಾರ್ಗವಾಗಿದೆ. ಆದರೆ ಸವಕಳಿ ಹಾಗೂ ಕಡ್ಡಾಯ ಕಡಿತದ ಮೊತ್ತವನ್ನು ಮಾಲೀಕರೇ ಭರಿಸಬೇಕು. ನೋ ಕ್ಲೇಮ್ ಬೋನಸ್ ಸಹ ಕೈತಪ್ಪುತ್ತದೆ.

ಎರಡನೆಯ ಮಾರ್ಗ: ಎದುರು ಪಕ್ಷದ ಮೂರನೇ ವ್ಯಕ್ತಿ ಹೊಣೆಗಾರಿಕೆ ವಿಮೆಯ ಮೂಲಕ. ಅಧಿನಿಯಮದ ಕಲಂ 146ರ ಪ್ರಕಾರ ಈ ವಿಮೆಯು ಕಡ್ಡಾಯವಾಗಿದೆ. ಈ ಮಾರ್ಗದಲ್ಲಿ ಚಾಲಕ, ಮಾಲೀಕ ಹಾಗೂ ವಿಮಾ ಕಂಪನಿಯನ್ನು ಪ್ರತಿವಾದಿಗಳನ್ನಾಗಿ ಮಾಡಿ ನ್ಯಾಯಾಧಿಕರಣಕ್ಕೆ ಅರ್ಜಿ ಸಲ್ಲಿಸಬೇಕು. ಅರ್ಜಿದಾರರ ಸ್ವಂತ ಬೋನಸ್‌ಗೆ ಇದರಿಂದ ಧಕ್ಕೆಯಾಗುವುದಿಲ್ಲ. ಆದರೆ ಕಾಲಾವಕಾಶ ಹೆಚ್ಚು ಬೇಕಾಗುತ್ತದೆ ಹಾಗೂ ಎದುರು ಪಕ್ಷದ ನಿರ್ಲಕ್ಷ್ಯವನ್ನು ರುಜುವಾತುಪಡಿಸಬೇಕಾಗುತ್ತದೆ.

ಒಂದೇ ನಷ್ಟಕ್ಕೆ ಎರಡು ಕಡೆಯಿಂದ ಹಣ ಪಡೆಯಲು ಅವಕಾಶವಿರುವುದಿಲ್ಲ. ಸ್ವಂತ ವಿಮೆಯಿಂದ ಭಾಗಶಃ ಪರಿಹಾರ ಪಡೆದು ಉಳಿದ ನಷ್ಟವನ್ನು ಎದುರು ಪಕ್ಷದಿಂದ ಕೋರುವ ಉದ್ದೇಶವಿದ್ದಲ್ಲಿ, ವಿಮಾ ಕಂಪನಿ ನೀಡುವ ಇತ್ಯರ್ಥ ಪತ್ರವನ್ನು ಓದಿ ನಂತರವೇ ಸಹಿ ಮಾಡಬೇಕು. ‘ಪೂರ್ಣ ಹಾಗೂ ಅಂತಿಮ ಇತ್ಯರ್ಥ’ ಎಂಬ ಒಕ್ಕಣೆಯನ್ನು ಮುಂದಿಟ್ಟು ಎದುರು ಪಕ್ಷದವರು ನ್ಯಾಯಾಧಿಕರಣದಲ್ಲಿ ತಕರಾರು ಮಾಡುವುದುಂಟು. ಅಂತಹ ಸಂದರ್ಭದಲ್ಲಿ ಸಹಿ ಮಾಡುವ ಮೊದಲೇ ವಕೀಲರ ಸಲಹೆ ಪಡೆಯುವುದು ಸೂಕ್ತ.

6. ಸ್ವಂತ ಪಾಲಿಸಿಯ ಮೂಲಕ ದುರಸ್ತಿ: ಕ್ರಮವಾಗಿ ಅನುಸರಿಸಬೇಕಾದ ಹಂತಗಳು

(ಅ) ವಿಮಾ ಕಂಪನಿಗೆ ಕೂಡಲೇ ಮಾಹಿತಿ ನೀಡಿ ಕ್ಲೇಮ್ ಸಂಖ್ಯೆ ಪಡೆಯಬೇಕು. ದೂರವಾಣಿಯಲ್ಲಿ ತಿಳಿಸಿದ್ದರೂ ಇ-ಮೇಲ್ ಅಥವಾ ಪತ್ರದ ಮೂಲಕ ಖಚಿತಪಡಿಸಬೇಕು.

(ಆ) ಸರ್ವೇಯರ್ ಪರಿಶೀಲಿಸುವ ಮೊದಲು ದುರಸ್ತಿ ಆರಂಭಿಸಬಾರದು. ಗ್ಯಾರೇಜಿನವರು ನೀಡುವ ಅಂದಾಜು ಪಟ್ಟಿಯ ಒಂದು ಪ್ರತಿಯನ್ನು ಮಾಲೀಕರು ಇಟ್ಟುಕೊಳ್ಳಬೇಕು.

(ಇ) ಬಿಚ್ಚಿದ ನಂತರ ಹೊಸದಾಗಿ ಜಖಂ ಕಂಡುಬಂದಲ್ಲಿ, ಪೂರಕ ಅಂದಾಜು ಸಲ್ಲಿಸಿ ಸರ್ವೇಯರ್ ಮರುಪರಿಶೀಲನೆಯನ್ನು ಕೋರಬೇಕು. ಪೂರ್ವಾನುಮತಿ ಇಲ್ಲದೆ ಬದಲಾಯಿಸಿದ ಭಾಗಗಳ ವೆಚ್ಚವು ತಿರಸ್ಕೃತವಾಗುವ ಸಂಭವವಿರುತ್ತದೆ. ತೆಗೆದ ಹಳೆಯ ಭಾಗಗಳನ್ನು ಕ್ಲೇಮ್ ಇತ್ಯರ್ಥವಾಗುವವರೆಗೆ ವಿಲೇವಾರಿ ಮಾಡಬಾರದು.

(ಈ) ವಿಮಾ ಕಂಪನಿಯೊಂದಿಗೆ ಒಪ್ಪಂದವಿರುವ ಗ್ಯಾರೇಜುಗಳಲ್ಲಿ ನಗದುರಹಿತ ಸೌಲಭ್ಯವಿರುತ್ತದೆ. ಅಲ್ಲಿಯೂ ಸವಕಳಿ ಮತ್ತು ಕಡ್ಡಾಯ ಕಡಿತದ ಮೊತ್ತವನ್ನು ವಾಹನ ಬಿಡಿಸಿಕೊಳ್ಳುವಾಗ ಮಾಲೀಕರು ಪಾವತಿಸಬೇಕು. ಇತರೆ ಗ್ಯಾರೇಜುಗಳಲ್ಲಿ ಪೂರ್ಣ ಮೊತ್ತ ಪಾವತಿಸಿ, ಬಿಲ್ಲು ಮತ್ತು ರಸೀದಿಗಳನ್ನು ಸಲ್ಲಿಸಿ ಮರುಪಾವತಿ ಪಡೆಯಬೇಕು.

(ಉ) ದುರಸ್ತಿ ವೆಚ್ಚವು ಪಾಲಿಸಿಯಲ್ಲಿ ನಮೂದಿಸಿದ ವಾಹನದ ಘೋಷಿತ ಮೌಲ್ಯದ ಶೇ. 75ನ್ನು ಮೀರಿದಲ್ಲಿ, ವಾಹನವನ್ನು ಪೂರ್ಣ ನಷ್ಟವೆಂದು ಪರಿಗಣಿಸಲಾಗುತ್ತದೆ.

7. ಪಾಲಿಸಿಯಿಂದ ಎಷ್ಟು ಹಣ ದೊರೆಯುತ್ತದೆ? ಒಂದು ನಿದರ್ಶನ

ಸಾಮಾನ್ಯ ಸಮಗ್ರ ಪಾಲಿಸಿಯಲ್ಲಿ ರಬ್ಬರ್, ನೈಲಾನ್ ಮತ್ತು ಪ್ಲಾಸ್ಟಿಕ್ ಭಾಗಗಳು, ಟೈರು, ಟ್ಯೂಬು ಹಾಗೂ ಬ್ಯಾಟರಿಗೆ ಶೇ. 50, ಫೈಬರ್ ಗ್ಲಾಸ್ ಭಾಗಗಳಿಗೆ ಶೇ. 30 ಸವಕಳಿ ಕಳೆಯಲಾಗುತ್ತದೆ. ಗಾಜಿಗೆ ಸವಕಳಿ ಇರುವುದಿಲ್ಲ. ಲೋಹದ ಭಾಗಗಳಿಗೆ ವಾಹನದ ವಯಸ್ಸಿನ ಮೇಲೆ ಸವಕಳಿ ನಿಗದಿಯಾಗುತ್ತದೆ: 6 ತಿಂಗಳವರೆಗೆ ಇಲ್ಲ, 1 ವರ್ಷದವರೆಗೆ ಶೇ. 5, 2 ವರ್ಷದವರೆಗೆ ಶೇ. 10, 3 ವರ್ಷದವರೆಗೆ ಶೇ. 15, 4 ವರ್ಷದವರೆಗೆ ಶೇ. 25, 5 ವರ್ಷದವರೆಗೆ ಶೇ. 35, 10 ವರ್ಷದವರೆಗೆ ಶೇ. 40, ಅದಕ್ಕಿಂತ ಹಳೆಯದಾದಲ್ಲಿ ಶೇ. 50. ಕಡ್ಡಾಯ ಕಡಿತವು 1500 ಸಿ.ಸಿ. ವರೆಗಿನ ಖಾಸಗಿ ಕಾರಿಗೆ ರೂ. 1,000 ಹಾಗೂ ಅದಕ್ಕೂ ಮೇಲ್ಪಟ್ಟ ಕಾರಿಗೆ ರೂ. 2,000 ಆಗಿರುತ್ತದೆ.

ನಿದರ್ಶನಕ್ಕೆ, ಮೂರೂವರೆ ವರ್ಷ ಹಳೆಯದಾದ 1200 ಸಿ.ಸಿ. ಕಾರು ಸಿಗ್ನಲ್‌ನಲ್ಲಿ ನಿಂತಿದ್ದಾಗ ಹಿಂದಿನಿಂದ ಬಂದ ವಾಹನವು ಡಿಕ್ಕಿ ಹೊಡೆದಿದೆ ಎಂದು ಭಾವಿಸೋಣ. ಗ್ಯಾರೇಜಿನ ಬಿಲ್ಲು ರೂ. 60,000.

• ಲೋಹದ ಭಾಗಗಳು ರೂ. 20,000: ಸವಕಳಿ ಶೇ. 25, ಅಂದರೆ ರೂ. 5,000
• ಬಂಪರ್ ಹಾಗೂ ಇತರೆ ಪ್ಲಾಸ್ಟಿಕ್ ಭಾಗಗಳು ರೂ. 16,000: ಸವಕಳಿ ಶೇ. 50, ಅಂದರೆ ರೂ. 8,000
• ಹಿಂಬದಿಯ ಗಾಜು ರೂ. 6,000: ಸವಕಳಿ ಇಲ್ಲ
• ಬಣ್ಣ ರೂ. 8,000: ಇದರ ಶೇ. 25ನ್ನು ಸಾಮಗ್ರಿಯ ಬೆಲೆಯೆಂದು ಪರಿಗಣಿಸಿ ಅದರ ಮೇಲೆ ಶೇ. 50, ಅಂದರೆ ರೂ. 1,000
• ಕೂಲಿ ರೂ. 10,000: ಸವಕಳಿ ಇಲ್ಲ
• ಕಡ್ಡಾಯ ಕಡಿತ ರೂ. 1,000

ಒಟ್ಟು ಕಡಿತ ರೂ. 15,000. ವಿಮಾ ಕಂಪನಿ ನೀಡುವ ಮೊತ್ತ ರೂ. 45,000.

ಲೆಕ್ಕವು ಇಲ್ಲಿಗೆ ಮುಗಿಯುವುದಿಲ್ಲ. ನೋ ಕ್ಲೇಮ್ ಬೋನಸ್ ಕ್ರಮವಾಗಿ ಶೇ. 20, 25, 35, 45 ಮತ್ತು 50ರಂತೆ ಏರುತ್ತದೆ. ಮೇಲ್ಕಂಡ ಮಾಲೀಕರು ಹಿಂದಿನ ಮೂರು ವರ್ಷ ಕ್ಲೇಮ್ ಮಾಡಿರದಿದ್ದಲ್ಲಿ ಮುಂದಿನ ನವೀಕರಣದಲ್ಲಿ ಅವರಿಗೆ ಶೇ. 45 ರಿಯಾಯಿತಿ ದೊರೆಯಬೇಕಿತ್ತು. ಸ್ವಂತ ಹಾನಿಯ ವಿಮಾಶುಲ್ಕವು ರಿಯಾಯಿತಿಗೆ ಮೊದಲು ರೂ. 12,000 ಇದ್ದಲ್ಲಿ, ಆ ವರ್ಷ ಕೈತಪ್ಪುವುದು ರೂ. 5,400. ಅದರ ಮರುವರ್ಷ ಶೇ. 50ರ ಬದಲಿಗೆ ಶೇ. 20 ಮಾತ್ರ ದೊರೆಯುವುದರಿಂದ ಮತ್ತೆ ರೂ. 3,600. ಹೀಗೆ ವಿಮಾಶುಲ್ಕ ಬದಲಾಗದಿದ್ದರೆ ಎರಡು ವರ್ಷಗಳಲ್ಲಿ ರೂ. 9,000 ಹೆಚ್ಚುವರಿ ಹೊರೆ ಬೀಳುತ್ತದೆ. ಏನೂ ತಪ್ಪು ಮಾಡದ ಮಾಲೀಕರ ಕೈಯಿಂದ ಒಟ್ಟು ರೂ. 24,000 ಖರ್ಚಾದಂತಾಯಿತು.

ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಈ ಬೋನಸ್ ತಪ್ಪು ಮಾಡದಿದ್ದುದಕ್ಕೆ ನೀಡುವ ರಿಯಾಯಿತಿಯಲ್ಲ, ಕ್ಲೇಮ್ ಮಾಡದಿದ್ದುದಕ್ಕೆ ನೀಡುವ ರಿಯಾಯಿತಿ. ಆದುದರಿಂದ ಇದೇ ಮಾಲೀಕರ ಬಿಲ್ಲು ಕೇವಲ ರೂ. 8,000 ಆಗಿದ್ದಲ್ಲಿ, ಕಡಿತಗಳ ನಂತರ ದೊರೆಯುವ ಹಣಕ್ಕಿಂತ ಕಳೆದುಕೊಳ್ಳುವ ಬೋನಸ್ ಹೆಚ್ಚಾಗುವ ಸಾಧ್ಯತೆ ಇದೆ. ಸವಕಳಿ ಕಡಿತವಿಲ್ಲದ ಅಥವಾ ಬೋನಸ್ ರಕ್ಷಣೆಯ ಹೆಚ್ಚುವರಿ ಸೌಲಭ್ಯವನ್ನು ಪಾಲಿಸಿಯಲ್ಲಿ ಪಡೆದಿದ್ದರೆ ಲೆಕ್ಕವು ಬದಲಾಗುತ್ತದೆ. ಕ್ಲೇಮ್ ಮಾಡುವ ಮೊದಲು ಪಾಲಿಸಿಯನ್ನು ಒಮ್ಮೆ ಓದುವುದು ಅವಶ್ಯ.

8. ನ್ಯಾಯಾಧಿಕರಣಕ್ಕೆ ಅರ್ಜಿ ಸಲ್ಲಿಸುವ ವಿಧಾನ

(ಅ) ಕಾಲಮಿತಿ: ದಿನಾಂಕ 1-4-2022ರಿಂದ ಜಾರಿಗೆ ಬಂದ ಕಲಂ 166(3)ರ ಪ್ರಕಾರ ಅಪಘಾತ ನಡೆದ ದಿನದಿಂದ 6 ತಿಂಗಳೊಳಗೆ ಅರ್ಜಿ ಸಲ್ಲಿಸತಕ್ಕದ್ದು. ಪೊಲೀಸ್ ತನಿಖೆ ಮುಗಿದಿಲ್ಲ ಅಥವಾ ರಾಜಿ ಮಾತುಕತೆ ನಡೆಯುತ್ತಿದೆ ಎಂಬ ಕಾರಣಕ್ಕೆ ಈ ಅವಧಿಯನ್ನು ಕಳೆದುಕೊಳ್ಳಬಾರದು.

(ಆ) ಸ್ಥಳ: ಅಪಘಾತ ನಡೆದ ಸ್ಥಳ, ಅರ್ಜಿದಾರರು ವಾಸಿಸುವ ಅಥವಾ ವ್ಯವಹಾರ ನಡೆಸುವ ಸ್ಥಳ, ಇಲ್ಲವೇ ಪ್ರತಿವಾದಿ ವಾಸಿಸುವ ಸ್ಥಳ, ಇವುಗಳಲ್ಲಿ ಯಾವುದಾದರೂ ಒಂದರ ವ್ಯಾಪ್ತಿಯ ನ್ಯಾಯಾಧಿಕರಣದಲ್ಲಿ ಅರ್ಜಿ ಸಲ್ಲಿಸಬಹುದು. ದಾವಣಗೆರೆಯ ನಿವಾಸಿಯ ಕಾರಿಗೆ ಹುಬ್ಬಳ್ಳಿಯ ಬಳಿ ಅಪಘಾತವಾದಲ್ಲಿ ದಾವಣಗೆರೆಯಲ್ಲಿಯೇ ಅರ್ಜಿ ಸಲ್ಲಿಸಲು ಅವಕಾಶವಿದೆ. ಬೆಂಗಳೂರು ನಗರದಲ್ಲಿ ಲಘು ವ್ಯವಹಾರಗಳ ನ್ಯಾಯಾಲಯವು ನ್ಯಾಯಾಧಿಕರಣವಾಗಿ ಕಾರ್ಯನಿರ್ವಹಿಸುತ್ತದೆ.

(ಇ) ಆಯ್ಕೆ: ಆಸ್ತಿ ನಷ್ಟವು ರೂ. 2,000ಕ್ಕಿಂತ ಹೆಚ್ಚಿದ್ದಲ್ಲಿ ಅರ್ಜಿದಾರರು ಇಚ್ಛಿಸಿದರೆ ಸಿವಿಲ್ ನ್ಯಾಯಾಲಯಕ್ಕೂ ಹೋಗಬಹುದು. ಆದರೆ ಅಲ್ಲಿ ದಾವೆಯ ಮೊತ್ತಕ್ಕೆ ಅನುಗುಣವಾಗಿ ನ್ಯಾಯಾಲಯ ಶುಲ್ಕ ಭರಿಸಬೇಕಾಗುತ್ತದೆ.

(ಈ) ಲಗತ್ತಿಸಬೇಕಾದ ದಾಖಲೆಗಳು: ಕಂಡಿಕೆ 4ರಲ್ಲಿ ತಿಳಿಸಿದ ಪೊಲೀಸ್ ದಾಖಲೆಗಳು, ಅರ್ಜಿದಾರರ ನೋಂದಣಿ ಪ್ರಮಾಣಪತ್ರ, ಚಾಲನಾ ಪರವಾನಗಿ ಮತ್ತು ವಿಮಾ ಪಾಲಿಸಿ, ಛಾಯಾಚಿತ್ರಗಳು, ಪರವಾನಗಿ ಪಡೆದ ಸರ್ವೇಯರ್ ಅವರ ವರದಿ, ದುರಸ್ತಿಯ ಅಂದಾಜು ಪಟ್ಟಿ, ಅಂತಿಮ ಬಿಲ್ಲು ಮತ್ತು ಹಣ ಪಾವತಿಸಿದ ರಸೀದಿ. ಬಿಲ್ಲು ನೀಡಿದವರು ಸಾಕ್ಷ್ಯ ನುಡಿಯಬೇಕಾಗಬಹುದಾದ್ದರಿಂದ, ಕ್ರಮಬದ್ಧ ಬಿಲ್ಲು ನೀಡುವ ಗ್ಯಾರೇಜಿನಲ್ಲಿಯೇ ದುರಸ್ತಿ ಮಾಡಿಸುವುದು ಉತ್ತಮ.

(ಉ) ಪರಿಹಾರದ ಮಿತಿ: ಖಾಸಗಿ ಕಾರಿನ ಪಾಲಿಸಿಯಲ್ಲಿ ಮೂರನೇ ವ್ಯಕ್ತಿಯ ಆಸ್ತಿ ನಷ್ಟಕ್ಕೆ ಸಾಮಾನ್ಯವಾಗಿ ರೂ. 7.5 ಲಕ್ಷದವರೆಗೆ, ದ್ವಿಚಕ್ರ ವಾಹನದ ಪಾಲಿಸಿಯಲ್ಲಿ ರೂ. 1 ಲಕ್ಷದವರೆಗೆ ರಕ್ಷಣೆ ಇರುತ್ತದೆ. ವಿಮಾಶುಲ್ಕ ಉಳಿಸುವ ಸಲುವಾಗಿ ಈ ಮಿತಿಯನ್ನು ರೂ. 6,000ಕ್ಕೆ ಇಳಿಸಿಕೊಂಡಿರುವ ಪಾಲಿಸಿಗಳೂ ಉಂಟು. ಮಿತಿಯನ್ನು ಮೀರಿದ ನಷ್ಟಕ್ಕೆ ತಪ್ಪಿತಸ್ಥ ವಾಹನದ ಮಾಲೀಕರೇ ಹೊಣೆಗಾರರಾಗುತ್ತಾರೆ. ಆದ್ದರಿಂದ ಅರ್ಜಿಯಲ್ಲಿ ವಿಮಾ ಕಂಪನಿಯೊಂದನ್ನೇ ಅಲ್ಲದೆ ಮಾಲೀಕರನ್ನೂ ಪ್ರತಿವಾದಿಯನ್ನಾಗಿ ಸೇರಿಸುವುದನ್ನು ಮರೆಯಬಾರದು.

(ಊ) ಅರ್ಜಿದಾರರ ಚಾಲನೆಯಲ್ಲಿಯೂ ಭಾಗಶಃ ನಿರ್ಲಕ್ಷ್ಯ ಕಂಡುಬಂದಲ್ಲಿ ಪರಿಹಾರವು ಅದೇ ಪ್ರಮಾಣದಲ್ಲಿ ಕಡಿಮೆಯಾಗುತ್ತದೆ. ಮಂಜೂರಾದ ಮೊತ್ತದ ಮೇಲೆ ಬಡ್ಡಿ ನೀಡುವ ಅಧಿಕಾರವು ಕಲಂ 171ರಡಿ ನ್ಯಾಯಾಧಿಕರಣಕ್ಕೆ ಇರುತ್ತದೆ.

(ಋ) ಲೋಕ ಅದಾಲತ್: ವಿಮಾ ಕಂಪನಿಯು ಒಪ್ಪಿದಲ್ಲಿ ಪ್ರಕರಣವನ್ನು ಲೋಕ ಅದಾಲತ್‌ನಲ್ಲಿ ಶೀಘ್ರವಾಗಿ ಇತ್ಯರ್ಥಪಡಿಸಿಕೊಳ್ಳಬಹುದು. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದವರು ಹಾಗೂ ಅಂಗವಿಕಲರು ಸೇರಿದಂತೆ ಅರ್ಹರಿಗೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಉಚಿತ ಕಾನೂನು ನೆರವು ಲಭ್ಯವಿದೆ.

9. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಮೂರನೇ ವ್ಯಕ್ತಿ ಹೊಣೆಗಾರಿಕೆಯ ಪಾಲಿಸಿ ಮಾತ್ರ ಇದ್ದವರು ಏನು ಮಾಡಬೇಕು?
ಉತ್ತರ: ಅಂತಹವರಿಗೆ ಸ್ವಂತ ವಿಮಾ ಕಂಪನಿಯಿಂದ ದುರಸ್ತಿ ವೆಚ್ಚ ದೊರೆಯುವುದಿಲ್ಲ. ಎರಡನೆಯ ಮಾರ್ಗವೊಂದೇ ಉಳಿಯುವುದರಿಂದ ಪೊಲೀಸ್ ದೂರು ಹಾಗೂ ಆರು ತಿಂಗಳ ಕಾಲಮಿತಿಯ ಬಗ್ಗೆ ಹೆಚ್ಚಿನ ಎಚ್ಚರ ವಹಿಸಬೇಕು.

ಪ್ರಶ್ನೆ: ನ್ಯಾಯಾಧಿಕರಣದ ತೀರ್ಪು ಬರುವವರೆಗೆ ಕಾರನ್ನು ದುರಸ್ತಿ ಮಾಡಿಸದೆ ಇಡಬೇಕೆ?
ಉತ್ತರ: ಅಗತ್ಯವಿಲ್ಲ. ಪೊಲೀಸ್ ಪ್ರಕ್ರಿಯೆ, ಮೋಟಾರು ವಾಹನ ನಿರೀಕ್ಷಕರ ತಪಾಸಣೆ ಹಾಗೂ ಸರ್ವೇಯರ್ ಪರಿಶೀಲನೆ ಮುಗಿದ ನಂತರ ದುರಸ್ತಿ ಮಾಡಿಸಿಕೊಂಡು ದಾಖಲೆಗಳನ್ನು ಕಾಪಾಡಿಕೊಳ್ಳಬಹುದು.

ಪ್ರಶ್ನೆ: ಠಾಣೆಗೆ ಒಯ್ದ ವಾಹನವನ್ನು ಯಾವಾಗ ಹಿಂದಿರುಗಿಸಲಾಗುತ್ತದೆ?
ಉತ್ತರ: ಕಲಂ 136ರ ಪ್ರಕಾರ ತಪಾಸಣೆಗಾಗಿ ವಾಹನವನ್ನು ಒಯ್ದಲ್ಲಿ, ವಿಧಿವಿಧಾನಗಳು ಪೂರ್ಣಗೊಂಡ 24 ಗಂಟೆಗಳೊಳಗೆ ಅದನ್ನು ಮಾಲೀಕರಿಗೆ ಅಥವಾ ಚಾಲಕರಿಗೆ ಹಿಂದಿರುಗಿಸತಕ್ಕದ್ದು.

ಪ್ರಶ್ನೆ: ಎದುರು ವಾಹನಕ್ಕೆ ವಿಮೆಯೇ ಇಲ್ಲದಿದ್ದಲ್ಲಿ?
ಉತ್ತರ: ಚಾಲಕ ಮತ್ತು ಮಾಲೀಕರು ಸ್ವತಃ ಪರಿಹಾರ ನೀಡಲು ಬಾಧ್ಯರಾಗಿರುತ್ತಾರೆ. ವಿಮೆ ಇಲ್ಲದೆ ವಾಹನ ಚಲಾಯಿಸುವುದು ಕಲಂ 196ರಡಿ ಪ್ರತ್ಯೇಕ ಅಪರಾಧವೂ ಆಗಿದೆ. ಅಂತಹವರಿಂದ ವಸೂಲಾತಿ ವಿಳಂಬವಾಗಬಹುದಾದ್ದರಿಂದ, ಸಮಗ್ರ ಪಾಲಿಸಿ ಇದ್ದವರಿಗೆ ಮೊದಲನೆಯ ಮಾರ್ಗವೇ ಅನುಕೂಲಕರ.

ಪ್ರಶ್ನೆ: ಡಿಕ್ಕಿ ಹೊಡೆದ ವಾಹನವು ಪರಾರಿಯಾಗಿ ಪತ್ತೆಯಾಗದಿದ್ದಲ್ಲಿ?
ಉತ್ತರ: ಅಂತಹ ಪ್ರಕರಣಗಳಿಗಾಗಿ ಇರುವ ಸರ್ಕಾರದ ಯೋಜನೆಯಲ್ಲಿ ಮರಣಕ್ಕೆ ರೂ. 2 ಲಕ್ಷ ಹಾಗೂ ತೀವ್ರ ಗಾಯಕ್ಕೆ ರೂ. 50,000 ಪರಿಹಾರವಿದೆ. ವಾಹನದ ಜಖಂಗೆ ಆ ಯೋಜನೆಯಡಿ ಪರಿಹಾರ ಇರುವುದಿಲ್ಲ. ಸ್ವಂತ ಪಾಲಿಸಿಯನ್ನೇ ಆಶ್ರಯಿಸಬೇಕಾಗುತ್ತದೆ.

ಪ್ರಶ್ನೆ: ಟ್ಯಾಕ್ಸಿಯು ದುರಸ್ತಿಯಲ್ಲಿದ್ದ ದಿನಗಳ ಆದಾಯ ನಷ್ಟ ದೊರೆಯುತ್ತದೆಯೆ?
ಉತ್ತರ: ಸ್ವಂತ ಹಾನಿಯ ಪಾಲಿಸಿಯಲ್ಲಿ ಇದು ಸೇರಿರುವುದಿಲ್ಲ. ನ್ಯಾಯಾಧಿಕರಣದ ಅರ್ಜಿಯಲ್ಲಿ ಪುರಾವೆ ಸಹಿತ ಕೋರಬಹುದು. ತೀರ್ಮಾನವು ನ್ಯಾಯಾಧಿಕರಣಕ್ಕೆ ಬಿಟ್ಟದ್ದು.

10. ವಿಮಾ ಕಂಪನಿಯ ವಿರುದ್ಧ ದೂರು

ಸ್ವಂತ ಪಾಲಿಸಿಯ ಕ್ಲೇಮ್ ವಿಳಂಬವಾದಲ್ಲಿ ಅಥವಾ ತಿರಸ್ಕೃತವಾದಲ್ಲಿ ಮೊದಲು ಕಂಪನಿಯ ಕುಂದುಕೊರತೆ ಅಧಿಕಾರಿಗೆ ಲಿಖಿತ ದೂರು ಸಲ್ಲಿಸಬೇಕು. ಒಂದು ತಿಂಗಳೊಳಗೆ ಉತ್ತರ ಬಾರದಿದ್ದಲ್ಲಿ ಅಥವಾ ಉತ್ತರವು ಸಮಾಧಾನಕರವಾಗಿಲ್ಲದಿದ್ದಲ್ಲಿ ಬೆಂಗಳೂರಿನಲ್ಲಿರುವ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಒಂದು ವರ್ಷದೊಳಗೆ ದೂರು ನೀಡಬಹುದು. ಇದಕ್ಕೆ ಶುಲ್ಕವಿರುವುದಿಲ್ಲ, ವಕೀಲರ ಅಗತ್ಯವೂ ಇರುವುದಿಲ್ಲ. ವಿಮಾ ನಿಯಂತ್ರಣ ಪ್ರಾಧಿಕಾರದ ‘ಬೀಮಾ ಭರೋಸಾ’ ಜಾಲತಾಣದಲ್ಲಿ ಅಥವಾ 155255 ಸಂಖ್ಯೆಯಲ್ಲಿಯೂ ದೂರು ದಾಖಲಿಸಬಹುದು. ಗ್ರಾಹಕರ ರಕ್ಷಣಾ ಅಧಿನಿಯಮ, 2019ರಡಿ ಎರಡು ವರ್ಷಗಳೊಳಗೆ ಜಿಲ್ಲಾ ಗ್ರಾಹಕರ ವ್ಯಾಜ್ಯ ಪರಿಹಾರ ಆಯೋಗಕ್ಕೆ ಹೋಗುವ ಅವಕಾಶವೂ ಇದೆ. ಎದುರು ಪಕ್ಷದ ವಿಮಾ ಕಂಪನಿಯ ವಿರುದ್ಧದ ಪರಿಹಾರದ ಹಕ್ಕನ್ನು ಮಾತ್ರ ಓಂಬುಡ್ಸ್‌ಮನ್ ಮುಂದೆ ತರಲಾಗುವುದಿಲ್ಲ. ಅದನ್ನು ನ್ಯಾಯಾಧಿಕರಣದಲ್ಲಿಯೇ ಸಾಧಿಸಬೇಕು.

11. ಸೂಚನೆ

ಈ ಮಾಹಿತಿಯು ಸಾರ್ವಜನಿಕರ ತಿಳಿವಳಿಕೆಗಾಗಿ ಮಾತ್ರ. ಪಾಲಿಸಿಯ ಷರತ್ತುಗಳು ಕಂಪನಿಯಿಂದ ಕಂಪನಿಗೆ ವ್ಯತ್ಯಾಸವಾಗುವುದರಿಂದ ಮೂಲ ಪಾಲಿಸಿಯನ್ನು ಪರಿಶೀಲಿಸತಕ್ಕದ್ದು. ವಾಹನ ಮಾಲೀಕರು ನೋಂದಣಿ ಪ್ರಮಾಣಪತ್ರ, ಪಾಲಿಸಿ ಹಾಗೂ ಪರವಾನಗಿಯ ಪ್ರತಿಗಳೊಂದಿಗೆ ಈ ಪುಟದ ಕಂಡಿಕೆ 2ರ ಒಂದು ಪ್ರತಿಯನ್ನೂ ಕಾರಿನಲ್ಲಿ ಇಟ್ಟುಕೊಂಡಲ್ಲಿ ಅಪಘಾತದ ಗಾಬರಿಯ ವೇಳೆಯಲ್ಲಿ ಉಪಯುಕ್ತವಾಗುತ್ತದೆ.